ಬಾಯಿಗೆ ನೂರು, ಕೈಗೆ ಬಾರದ ಐದು: ಎಳೆಯರ ಗಣಿತಕ್ಕೆ ತಳಪಾಯ ಹಾಕುವುದು ಹೇಗೆ?

ಬೆಳಗಾವಿ: ಮನೆಗೆ ಬಂದ ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ‘ಒನ್, ಟು, ಥ್ರೀ’ ಹೇಳಿಸುವುದು ನಗರದ ಗಲ್ಲಿ ಗಲ್ಲಿಗಳಲ್ಲಿ ಕಾಣಸಿಗುವ ನೋಟ. ನಾಲ್ಕೂವರೆ ವರ್ಷದ ಮಗು ಒಂದೇ ಉಸಿರಿನಲ್ಲಿ ನೂರರವರೆಗೆ ಒಪ್ಪಿಸುತ್ತದೆ. ತಂದೆ-ತಾಯಿಯ ಮುಖ ಅರಳುತ್ತದೆ. ಅದೇ ಮಗುವಿನ ಮುಂದೆ ಒಂದು ಬೊಗಸೆ ಹುಣಸೆ ಬೀಜ ಸುರಿದು ‘ಇದರಲ್ಲಿ ಐದು ಕೊಡು’ ಎಂದು ಕೇಳಿದರೆ, ಅನೇಕ ವೇಳೆ ಅದು ಕೈಗೆ ಸಿಕ್ಕಷ್ಟನ್ನು ಎತ್ತಿ ಕೊಡುತ್ತದೆ.

ಇದು ಮಗುವಿನ ದಡ್ಡತನವಲ್ಲ. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಒಂದು ವಿದ್ಯೆ, ಆ ಹೆಸರು ಎಷ್ಟು ವಸ್ತುಗಳನ್ನು ಸೂಚಿಸುತ್ತದೆ ಎಂದು ಅರಿಯುವುದು ಬೇರೆಯೇ ವಿದ್ಯೆ. ಮೊದಲನೆಯದು ಬಾಯಿಪಾಠದಿಂದ ಬರುತ್ತದೆ. ಎರಡನೆಯದು ಕೈಯಿಂದ ಮುಟ್ಟಿ, ಎತ್ತಿ, ಜೋಡಿಸಿ, ಹಂಚಿದಾಗ ಮಾತ್ರ ಬರುತ್ತದೆ. ಬೆಳಗಾವಿ ನಗರದ ಎಲ್‌ಕೆಜಿ, ಯುಕೆಜಿಗಳಿರಲಿ, ಖಾನಾಪುರ ತಾಲ್ಲೂಕಿನ ಕಾಡಂಚಿನ ಅಂಗನವಾಡಿಗಳಿರಲಿ, ಮಕ್ಕಳ ಗಣಿತದ ಭವಿಷ್ಯ ನಿಂತಿರುವುದು ಈ ಎರಡನೆಯ ವಿದ್ಯೆಯ ಮೇಲೆ.

ಸರ್ಕಾರ ಕೇಳುವುದು ಹತ್ತನ್ನು, ನೂರನ್ನಲ್ಲ

ಪಾಲಕರಿಗೆ ಅಚ್ಚರಿಯಾಗಬಹುದಾದ ಸಂಗತಿಯೊಂದಿದೆ. ಕೇಂದ್ರ ಶಿಕ್ಷಣ ಸಚಿವಾಲಯವು 2021ರ ಜುಲೈ 5ರಂದು ‘ನಿಪುಣ ಭಾರತ್’ ಯೋಜನೆಯನ್ನು ಆರಂಭಿಸಿತು. ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ 2026-27ರ ಹೊತ್ತಿಗೆ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ ಲಭಿಸಬೇಕೆಂಬುದು ಅದರ ಗುರಿ. ಒಂದನೇ ತರಗತಿಗೆ ಮುಂಚಿನ ‘ಬಾಲವಾಟಿಕಾ’ ಹಂತಕ್ಕೆ ಈ ಯೋಜನೆ ನಿಗದಿಪಡಿಸಿದ್ದು 10ರವರೆಗಿನ ಅಂಕಿಗಳನ್ನು ಗುರುತಿಸಿ ಓದುವುದು, ವಸ್ತು, ಆಕಾರ ಹಾಗೂ ಘಟನೆಗಳನ್ನು ಕ್ರಮವಾಗಿ ಜೋಡಿಸುವುದು, ಇಷ್ಟನ್ನೇ. 99ರವರೆಗಿನ ಸಂಖ್ಯೆಗಳು ಮತ್ತು ಸರಳ ಕೂಡು-ಕಳೆ ಲೆಕ್ಕ ಒಂದನೇ ತರಗತಿಯ ಗುರಿ.

ಅಂದರೆ, ಆರು ವರ್ಷ ತುಂಬುವ ಮುನ್ನ ಮಗುವಿನಿಂದ ನಿರೀಕ್ಷಿಸುವುದು ಹತ್ತರ ಆಳವನ್ನೇ ಹೊರತು ನೂರರ ಉದ್ದವನ್ನಲ್ಲ. 2022ರ ಅಕ್ಟೋಬರ್ 20ರಂದು ಬಿಡುಗಡೆಯಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದ ಮಕ್ಕಳಿಗೆ ಆಟವೇ ಕಲಿಕೆಯ ಮುಖ್ಯ ದಾರಿ ಎಂದು ಹೇಳುತ್ತದೆ. ಅದಕ್ಕೆ ಪೂರಕವಾಗಿ ಆಟಿಕೆ, ಚಿತ್ರಪಟ ಹಾಗೂ ಒಗಟುಗಳನ್ನೊಳಗೊಂಡ ‘ಜಾದೂಯಿ ಪಿಟಾರಾ’ ಎಂಬ ಕಲಿಕಾ ಪೆಟ್ಟಿಗೆಯನ್ನು 2023ರ ಫೆಬ್ರವರಿಯಲ್ಲಿ ಹೊರತರಲಾಯಿತು.

ಎಣಿಕೆಯೊಳಗೆ ಅಡಗಿರುವ ಐದು ನಿಯಮಗಳು

ಹಿರಿಯರಿಗೆ ಎಣಿಸುವುದು ಉಸಿರಾಡಿದಷ್ಟು ಸಲೀಸು. ಮಗುವಿಗೆ ಹಾಗಲ್ಲ. ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ಎಣಿಕೆಯನ್ನು ಐದು ನಿಯಮಗಳಾಗಿ ಬಿಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು, ಯಾವುದನ್ನೂ ಬಿಡಬಾರದು, ಎರಡು ಬಾರಿ ಎಣಿಸಬಾರದು ಎಂಬುದು ಮೊದಲನೆಯದು. ಒಂದು, ಎರಡು, ಮೂರು ಎಂಬ ಕ್ರಮ ಪ್ರತಿ ಸಲವೂ ಅದೇ ಇರಬೇಕೆಂಬುದು ಎರಡನೆಯದು. ಕೊನೆಗೆ ಹೇಳಿದ ಹೆಸರೇ ಇಡೀ ಗುಂಪಿನ ಮೊತ್ತ ಎಂಬುದು ಮೂರನೆಯದು. ಬೀಜವಾಗಲಿ, ಚಪ್ಪಾಳೆಯಾಗಲಿ, ಏನನ್ನು ಬೇಕಾದರೂ ಎಣಿಸಬಹುದೆಂಬುದು ನಾಲ್ಕನೆಯದು. ಎಡದಿಂದಲೋ ಬಲದಿಂದಲೋ, ಎಲ್ಲಿಂದ ಎಣಿಸಿದರೂ ಮೊತ್ತ ಬದಲಾಗದೆಂಬುದು ಐದನೆಯದು.

ಇವುಗಳಲ್ಲಿ ಮೂರನೆಯ ನಿಯಮವೇ ಹೆಚ್ಚು ಕಠಿಣ. ನಾಲ್ಕು ಬಳಪಗಳನ್ನು ‘ಒಂದು, ಎರಡು, ಮೂರು, ನಾಲ್ಕು’ ಎಂದು ಸರಿಯಾಗಿಯೇ ಎಣಿಸಿದ ಮಗುವನ್ನು ‘ಹಾಗಾದರೆ ಒಟ್ಟು ಎಷ್ಟು?’ ಎಂದು ಕೇಳಿದಾಗ ಅದು ಉತ್ತರಿಸುವ ಬದಲು ಮತ್ತೆ ಮೊದಲಿನಿಂದ ಎಣಿಸತೊಡಗಿದರೆ, ಆ ನಿಯಮ ಇನ್ನೂ ಕೈಗೂಡಿಲ್ಲವೆಂದೇ ಅರ್ಥ. ‘ಇಷ್ಟು ಕೊಡು’ ಎಂದು ಕೇಳುವ ಸರಳ ಪರೀಕ್ಷೆಯ ಮೂಲಕ ಕರೆನ್ ವಿನ್ 1990ರ ದಶಕದ ಆರಂಭದಲ್ಲಿ ತೋರಿಸಿದ್ದೂ ಇದನ್ನೇ. ಮಕ್ಕಳು ಮೊದಲು ‘ಒಂದು’ ಎಂಬುದರ ಅರ್ಥವನ್ನು, ತಿಂಗಳುಗಳ ಬಳಿಕ ‘ಎರಡು’, ಅನಂತರ ‘ಮೂರು’ ಎಂಬುದರ ಅರ್ಥವನ್ನು ಒಂದೊಂದಾಗಿ ಅರಿಯುತ್ತಾರೆ. ಅದಾದ ಮೇಲೆ ಒಮ್ಮೆಲೇ ಎಣಿಕೆಯ ಗುಟ್ಟು ಹೊಳೆಯುತ್ತದೆ. ಈ ಪಯಣಕ್ಕೆ ಸಮಯ ಬೇಕು. ಬೆದರಿಕೆಯಿಂದ ಅದು ಬೇಗ ಮುಗಿಯದು.

ಎಣಿಕೆಗಿಂತ ಮುಂಚಿನ ಮೆಟ್ಟಿಲುಗಳೂ ಇವೆ. ಬಣ್ಣ, ಆಕಾರ, ಗಾತ್ರಗಳ ಪ್ರಕಾರ ವಿಂಗಡಿಸುವುದು. ಉದ್ದ-ಗಿಡ್ಡ, ಭಾರ-ಹಗುರ ಎಂದು ಹೋಲಿಸುವುದು. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡುವುದು. ಎಲೆ-ಹೂವು-ಎಲೆ-ಹೂವು ಎಂಬ ವಿನ್ಯಾಸವನ್ನು ಮುಂದುವರಿಸುವುದು. ಇವೆಲ್ಲ ಗಣಿತವೇ. ಐದು ಗುಂಡಿಗಳನ್ನು ದೂರ ದೂರ ಹರಡಿದರೆ ‘ಹೆಚ್ಚಾಯಿತು’ ಎನ್ನುವುದು ಎಳೆಯರ ಸಹಜ ಗುಣವೆಂದು ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ ಗುರುತಿಸಿದ್ದರು. ಜಾಗ ಬದಲಾದರೂ ಸಂಖ್ಯೆ ಬದಲಾಗದು ಎಂಬ ಅರಿವು ಹಂತ ಹಂತವಾಗಿ ಬಲಿಯುತ್ತದೆ.

ಗಡಿಯ ಮಗು, ನಾಲ್ಕು ನುಡಿಯ ಎಣಿಕೆ

ಇಲ್ಲಿಯವರೆಗಿನ ಮಾತು ಯಾವ ಊರಿನ ಮಗುವಿಗಾದರೂ ಅನ್ವಯಿಸುತ್ತದೆ. ಬೆಳಗಾವಿ ಮತ್ತು ಖಾನಾಪುರಕ್ಕೆ ವಿಶೇಷವಾದ ಪ್ರಶ್ನೆ ಭಾಷೆಯದು. ಖಾನಾಪುರ ತಾಲ್ಲೂಕಿನ ಪೂರ್ವದ ಬೀಡಿ, ಇಟಗಿ, ಕಕ್ಕೇರಿ ಭಾಗದಲ್ಲಿ ಕನ್ನಡ ಮನೆಮಾತು; ಪಶ್ಚಿಮದ ಜಾಂಬೋಟಿ, ಕಣಕುಂಬಿ, ಗುಂಜಿ ಭಾಗದಲ್ಲಿ ಮರಾಠಿಯೇ ಹೆಚ್ಚು. ಬೆಳಗಾವಿ ನಗರದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಇವುಗಳ ಮೇಲೆ ಖಾಸಗಿ ಶಿಶುವಿಹಾರಗಳ ಇಂಗ್ಲಿಷ್ ಸೇರಿಕೊಳ್ಳುತ್ತದೆ. ಈ ಭಾಷೆಗಳಲ್ಲಿ ಸಂಖ್ಯೆಗಳ ಹೆಸರು ಕಟ್ಟಿಕೊಂಡಿರುವ ಬಗೆ ಒಂದೇ ತೆರನಾಗಿಲ್ಲ.

ಕನ್ನಡದ ‘ಇಪ್ಪತ್ತೊಂದು’ ಎಂಬ ಪದದಲ್ಲಿ ಮೊದಲು ಇಪ್ಪತ್ತು, ಬಳಿಕ ಒಂದು. ಬರೆಯುವಾಗಲೂ ಮೊದಲು 2, ಬಳಿಕ 1. ಕಿವಿ ಕೇಳಿದ ಕ್ರಮದಲ್ಲೇ ಕೈ ಬರೆಯುತ್ತದೆ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು, ಐವತ್ತು ಎಂದರೆ ಐದು ಹತ್ತು ಎಂಬುದು ಪದದಲ್ಲೇ ಅಡಗಿದೆ. ‘ಹನ್ನೊಂದು’, ‘ಹದಿಮೂರು’ ಎಂಬಲ್ಲಿನ ‘ಹನ್’, ‘ಹದಿ’ಗಳು ಹತ್ತರ ಸವೆದ ರೂಪಗಳೇ.

ಮರಾಠಿಯ ‘ಏಕವೀಸ’ದಲ್ಲಿ ಮೊದಲು ಒಂದು, ಬಳಿಕ ಇಪ್ಪತ್ತು. ಕೇಳಿದ ಕ್ರಮದಲ್ಲೇ ಬರೆಯಹೊರಟ ಮಗುವಿನ ಪಾಟಿಯ ಮೇಲೆ 21ರ ಬದಲು 12 ಮೂಡುವ ಸಂಭವವಿದೆ. ‘ಏಕೋಣೀಸ’ ಎಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ಹತ್ತೊಂಬತ್ತನ್ನು ಹೇಳಲು ಕಳೆಯುವ ಲೆಕ್ಕವೇ ಬಂದುಬಿಟ್ಟಿತು. ಉರ್ದುವಿನ ‘ಇಕ್ಕೀಸ್’, ‘ಬಾಯೀಸ್’ಗಳದ್ದೂ ಇದೇ ಜಾಡು. ಇಂಗ್ಲಿಷಿನ ‘ಇಲೆವನ್’, ‘ಟ್ವೆಲ್ವ್’ಗಳಲ್ಲಿ ಹತ್ತರ ಸುಳಿವು ಮಗುವಿಗೆ ಸಿಗುವುದಿಲ್ಲ, ‘ಥರ್ಟೀನ್’ ಮತ್ತು ‘ಥರ್ಟಿ’ ಎಳೆಯ ಕಿವಿಗೆ ಒಂದೇ ಆಗಿ ಕೇಳುತ್ತವೆ.

ಈ ವ್ಯತ್ಯಾಸ ಕೇವಲ ವ್ಯಾಕರಣದ ವಿಷಯವಲ್ಲ. ಚೀನಾ ಮತ್ತು ಅಮೆರಿಕದ ಶಾಲಾಪೂರ್ವ ಮಕ್ಕಳನ್ನು ಹೋಲಿಸಿ ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತರವರೆಗೆ ಎಣಿಸುವುದರಲ್ಲಿ ಎರಡೂ ದೇಶಗಳ ಮಕ್ಕಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಹನ್ನೊಂದರ ಬಳಿಕ ಅಮೆರಿಕದ ಮಕ್ಕಳು ಎಡವಿದರು. ಹನ್ನೊಂದನ್ನು ‘ಹತ್ತು-ಒಂದು’ ಎಂದೇ ಕರೆಯುವ ಚೀನೀ ಭಾಷೆಯ ನೇರ ರಚನೆ ಅಲ್ಲಿನ ಮಕ್ಕಳಿಗೆ ನೆರವಾಗಿತ್ತು.

ಮಹಾರಾಷ್ಟ್ರದಲ್ಲಿ 2019ರಲ್ಲಿ ಇದೇ ವಿಚಾರ ದೊಡ್ಡ ಚರ್ಚೆಗೆ ಕಾರಣವಾಯಿತು. ಎರಡನೇ ತರಗತಿಯ ‘ಬಾಲಭಾರತಿ’ ಗಣಿತ ಪಠ್ಯದಲ್ಲಿ ‘ಏಕವೀಸ’ದ ಜೊತೆಗೆ ‘ವೀಸ ಏಕ’ ಎಂಬ ರೂಪವನ್ನೂ ಸೇರಿಸಲಾಯಿತು. ಮಕ್ಕಳಿಗೆ ಸುಲಭವಾಗಲೆಂಬುದು ಪಠ್ಯ ರಚಿಸಿದವರ ವಾದ. ಭಾಷೆಯ ಸೊಗಸಿಗೆ ಧಕ್ಕೆಯಾಯಿತೆಂಬುದು ವಿರೋಧಿಗಳ ಆಕ್ಷೇಪ. ವಿಧಾನಮಂಡಲದಲ್ಲೂ ಈ ವಿಷಯ ಪ್ರತಿಧ್ವನಿಸಿತು.

ಇದರಿಂದ ಒಂದು ಭಾಷೆ ಮೇಲು, ಇನ್ನೊಂದು ಕೀಳು ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಎಲ್ಲ ಭಾಷೆಗಳ ಮಕ್ಕಳೂ ಗಣಿತ ಕಲಿಯುತ್ತಾರೆ. ಮಗು ಎಲ್ಲಿ ಎಡವುತ್ತದೆಂಬುದು ಕಲಿಸುವವರಿಗೆ ಮೊದಲೇ ತಿಳಿದಿರಬೇಕು, ಅಷ್ಟೇ. ಜಾಂಬೋಟಿಯ ಮಗುವಿಗೆ ಹತ್ತರವರೆಗಿನ ಅರ್ಥ ಮರಾಠಿಯಲ್ಲಿ ಗಟ್ಟಿಯಾಗಲಿ. ಬಳಿಕ ಅದೇ ಬೀಜಗಳನ್ನಿಟ್ಟು ಕನ್ನಡದ ಹೆಸರುಗಳನ್ನು ಕಲಿಸಿದರೆ ಹೊರೆಯಾಗದು. ಐದು ಎಂಬ ಅರಿವು ಒಮ್ಮೆ ಬಂದರೆ ಅದಕ್ಕೆ ‘ಪಾಚ್’, ‘ಐದು’, ‘ಫೈವ್’ ಎಂಬ ಮೂರು ಹೆಸರು ಅಂಟಿಸುವುದು ಕಷ್ಟವಲ್ಲ. ಅರಿವೇ ಇಲ್ಲದೆ ಮೂರು ಹೆಸರು ಉರು ಹೊಡೆಸುವುದು ಮಾತ್ರ ವ್ಯರ್ಥ ಶ್ರಮ. ಕನ್ನಡ ಮನೆಮಾತಿನ ಮಗುವಿಗೆ ‘ಇಪ್ಪತ್ತೊಂದು’ ಎಂಬ ಪಾರದರ್ಶಕ ಪದವನ್ನು ಕಲಿಸದೆ ಇಂಗ್ಲಿಷಿನಲ್ಲಷ್ಟೇ ಎಣಿಸಲು ಹಚ್ಚುವುದೆಂದರೆ, ಕೈಯಲ್ಲಿದ್ದ ದೀಪವನ್ನು ಆರಿಸಿ ದಾರಿ ಹುಡುಕಿದಂತೆ.

ಸಾಮಗ್ರಿಗೆ ಪೇಟೆಗೆ ಹೋಗಬೇಕಿಲ್ಲ

ಎಳೆಯರಿಗೆ ವಸ್ತುಗಳ ಮೂಲಕ ಗಣಿತ ಕಲಿಸುವ ಪದ್ಧತಿ ಹೊಸತಲ್ಲ. ಜರ್ಮನಿಯ ಫ್ರೀಡ್ರಿಖ್ ಫ್ರೋಬೆಲ್ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನು ಕೊಟ್ಟಾಗಲೇ ಮರದ ಚೆಂಡು, ಘನಗಳಂಥ ಆಟಿಕೆಗಳು ಅದರ ಜೀವಾಳವಾಗಿದ್ದವು. ಇಟಲಿಯ ಮರಿಯಾ ಮಾಂಟೆಸ್ಸರಿ ಸಂಖ್ಯಾಕೋಲು, ಉಜ್ಜುಕಾಗದದ ಅಂಕಿ, ಕದಿರುಪೆಟ್ಟಿಗೆಗಳನ್ನು ರೂಪಿಸಿದರು. ಕದಿರುಪೆಟ್ಟಿಗೆಯ ಮೊದಲ ಮನೆ ಖಾಲಿ ಇರುತ್ತದೆ. ಅದೇ ಸೊನ್ನೆಯ ಪಾಠ. ಮಾಂಟೆಸ್ಸರಿ 1939ರಲ್ಲಿ ಭಾರತಕ್ಕೆ ಬಂದು ಮದರಾಸಿನ ಅಡ್ಯಾರ್‌ನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದ್ದುಂಟು. ಅದಕ್ಕೂ ಮೊದಲೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದಿದ್ದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡಗಳಲ್ಲಿ, ದುಬಾರಿ ಆಟಿಕೆಗಳ ಬದಲು ಬೀಜ, ಕಲ್ಲು, ಎಲೆ, ಚಿಪ್ಪುಗಳನ್ನು ಬಳಸಿ ಬಡ ಮಕ್ಕಳಿಗೆ ಕಲಿಸಿದರು.

ಆ ದಾರಿ ಖಾನಾಪುರಕ್ಕೆ ಚೆನ್ನಾಗಿ ಒಪ್ಪುತ್ತದೆ. ತಾಲ್ಲೂಕಿನ ಮಣ್ಣು ಹಂಚು, ಮಡಿಕೆಗಳಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆಯೂ ಇಲ್ಲಿಯೇ ಇದೆ. ಅದೇ ಮಣ್ಣಿನಿಂದ ಮಕ್ಕಳ ಕೈಯಲ್ಲೇ ಗೋಲಿ ಮಾಡಿಸಿ ಒಣಗಿಸಿದರೆ ಎಣಿಕೆಯ ಸಾಮಗ್ರಿ ಸಿದ್ಧ. ಗೇರುಬೀಜ, ಹುಣಸೆ ಬೀಜ, ಕಡ್ಡಿಗಳಂತೂ ಇದ್ದೇ ಇವೆ. ಹತ್ತು ಕಡ್ಡಿಗಳನ್ನು ದಾರದಿಂದ ಕಟ್ಟಿದ ಒಂದು ಕಟ್ಟು, ಜೊತೆಗೆ ಬಿಡಿಯಾಗಿ ಮೂರು ಕಡ್ಡಿ: ‘ಹದಿಮೂರು’ ಕಣ್ಣಿಗೆ ಕಾಣುತ್ತದೆ. ಮುಂದಿನ ತರಗತಿಗಳಲ್ಲಿ ಬರುವ ಸ್ಥಾನಬೆಲೆಗೆ ಇದೇ ಬೀಜಾಂಕುರ.

ಮನೆಯಾಟಗಳನ್ನೂ ಮರೆಯುವಂತಿಲ್ಲ. ನಾಲ್ಕು ಕವಡೆ ಎಸೆದು ಆಡುವ ಚೌಕಾಬಾರದಲ್ಲಿ ಬಿದ್ದ ಕವಡೆಗಳನ್ನು ಕಂಡೊಡನೆ ಎಷ್ಟೆಂದು ಹೇಳಬೇಕು, ಅಷ್ಟು ಮನೆ ಕಾಯಿ ನಡೆಸಬೇಕು. ಹದಿನಾಲ್ಕು ಕುಳಿಗಳ ಅಳಗುಳಿಮಣೆಯಲ್ಲಿ ಒಂದೊಂದು ಕುಳಿಗೆ ಒಂದೊಂದೇ ಬೀಜ ಹಾಕುತ್ತ ಸಾಗಬೇಕು. ‘ಒಂದಕ್ಕೆ ಒಂದು’ ಎಂಬ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಬಡ ಕುಟುಂಬಗಳ ಮಕ್ಕಳಿಗೆ 1ರಿಂದ 10ರವರೆಗೆ ಅಂಕಿ ಬರೆದ ಉದ್ದ ಪಟ್ಟಿಯ ಮೇಲೆ ಕಾಯಿ ನಡೆಸುವ ಆಟವನ್ನು, ಎರಡು ವಾರಗಳಲ್ಲಿ ಒಟ್ಟು ಒಂದು ಗಂಟೆಯಷ್ಟೇ ಆಡಿಸಿದರು. ಸಂಖ್ಯೆಗಳ ಕುರಿತ ಆ ಮಕ್ಕಳ ತಿಳಿವಳಿಕೆ ಗಣನೀಯವಾಗಿ ಸುಧಾರಿಸಿದ್ದನ್ನು ಅವರು 2008ರಲ್ಲಿ ವರದಿ ಮಾಡಿದರು.

ಆಟವೊಂದೇ ಸಾಲದು

ಹಾಗೆಂದು ಆಟವಾಡಿಸಿ ಸುಮ್ಮನಾದರೆ ಕೆಲಸ ಮುಗಿಯಲಿಲ್ಲ. ದೆಹಲಿಯಲ್ಲಿ 214 ಶಾಲಾಪೂರ್ವ ಕೇಂದ್ರಗಳ 1,540 ಮಕ್ಕಳಿಗೆ ಗಣಿತದ ಆಟಗಳನ್ನು ಆಡಿಸಿ ನಡೆಸಿದ ಅಧ್ಯಯನವೊಂದು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲಿಜಬೆತ್ ಸ್ಪೆಲ್ಕ್, ಎಸ್ತರ್ ಡುಫ್ಲೊ ಮೊದಲಾದವರ ಈ ಅಧ್ಯಯನದಲ್ಲಿ, ಹೆಚ್ಚು-ಕಡಿಮೆ ಅಂದಾಜಿಸುವ, ಆಕಾರ ಗುರುತಿಸುವ ಮಕ್ಕಳ ಸಹಜ ಶಕ್ತಿ ವರ್ಷದ ಬಳಿಕವೂ ಉತ್ತಮವಾಗಿಯೇ ಉಳಿದಿತ್ತು. ಆದರೆ ಶಾಲೆಯಲ್ಲಿ ಕಲಿಸುವ ಅಂಕಿಗಳ ಗಣಿತಕ್ಕೆ ಆ ಲಾಭ ಹರಿದುಬರಲಿಲ್ಲ.

2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಮತ್ತೊಂದು ಅಧ್ಯಯನ ಇದನ್ನೇ ಬೇರೊಂದು ಬದಿಯಿಂದ ತೋರಿಸಿತು. ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳು ವ್ಯಾಪಾರದ ಜಟಿಲ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಿದ್ದರು, ಆದರೆ ಶಾಲೆಯ ರೀತಿಯಲ್ಲಿ ಕೊಟ್ಟ ಸರಳ ಲೆಕ್ಕಕ್ಕೆ ತಡವರಿಸಿದರು. ಶಾಲಾ ಮಕ್ಕಳದ್ದು ಇದಕ್ಕೆ ತದ್ವಿರುದ್ಧ. ಕೈಯ ಗಣಿತಕ್ಕೂ ಪಾಟಿಯ ಗಣಿತಕ್ಕೂ ನಡುವೆ ಸೇತುವೆ ತಾನಾಗಿಯೇ ಕಟ್ಟಿಕೊಳ್ಳದು, ಕಲಿಸುವವರೇ ಕಟ್ಟಬೇಕು.

ಆ ಸೇತುವೆಯ ಕ್ರಮ ಸರಳ. ಮೊದಲು ವಸ್ತು, ಬಳಿಕ ಮಾತು, ಅನಂತರ ಚಿತ್ರ, ಕೊನೆಗೆ ಅಂಕಿ. ಮೂರು ಬೀಜ ಮುಟ್ಟಿ ಎಣಿಸಿದ ಮಗು ‘ಮೂರು’ ಎನ್ನಲಿ. ಮೂರು ಚುಕ್ಕಿಗಳ ಚೀಟಿಯನ್ನು ಅದರ ಪಕ್ಕ ಇಡಲಿ. ಆಮೇಲೆ 3 ಎಂಬ ಅಂಕಿಯ ಚೀಟಿಯನ್ನು ಜೋಡಿಸಲಿ. ನಾಲ್ಕೂ ಒಂದೇ ಎಂಬುದು ಮನವರಿಕೆಯಾದ ಮೇಲೆ ಬರವಣಿಗೆ. ಅದಕ್ಕೂ ಮರಳಿನ ತಟ್ಟೆಯ ಮೇಲೆ ಬೆರಳಿನಿಂದ ತಿದ್ದುವುದೇ ಮೊದಲ ಹೆಜ್ಜೆ. ಬೆರಳಿನ ಸ್ನಾಯುಗಳು ಬಲಿಯದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಬರೆಸಿದರೆ ಬರುವುದು ಗಣಿತವಲ್ಲ, ಗಣಿತದ ಮೇಲಿನ ಬೇಸರ.

ಹಾಗಾದರೆ ಹಿಂದಿನವರ ಮಗ್ಗಿ ತಪ್ಪೇ? ಖಂಡಿತ ಅಲ್ಲ. ಮಗ್ಗಿಯ ಬಾಯಿಪಾಠ ಲೆಕ್ಕಕ್ಕೆ ವೇಗ ಕೊಡುತ್ತದೆ. ಆದರೆ ಅದರ ಸ್ಥಾನ ಅರ್ಥದ ನಂತರ. ‘ಎರಡು ಎರಡ್ಲೆ ನಾಲ್ಕು’ ಎನ್ನುವ ಮಗು ಎರಡೆರಡು ಬೀಜಗಳ ಎರಡು ಗುಂಪನ್ನು ಮೊದಲೇ ಕಂಡಿರಬೇಕು.

ಅಂಗನವಾಡಿಯ ಹೊರೆ

ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ನೀಡುವುದು ಆರಂಭದಿಂದಲೂ ಅದರ ಭಾಗ. ರಾಜ್ಯದ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆ ಪಠ್ಯ ಬಳಕೆಗೆ ಬಂದಿದೆ. ಕೇಂದ್ರವು 2023ರ ಮೇ ತಿಂಗಳಲ್ಲಿ ‘ಪೋಷಣ್ ಭಿ ಪಢಾಯಿ ಭಿ’ ಕಾರ್ಯಕ್ರಮವನ್ನು ಪ್ರಕಟಿಸಿ, ಪೌಷ್ಟಿಕ ಆಹಾರದಷ್ಟೇ ಕಲಿಕೆಗೂ ಒತ್ತು ಕೊಡಬೇಕೆಂದಿತು. ರಾಜ್ಯ ಸರ್ಕಾರ 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ಮಾಂಟೆಸ್ಸರಿ ಮಾದರಿಗೆ ಏರಿಸಿತು.

ಆದರೆ ಕಾರ್ಯಕರ್ತೆಯ ಹೆಗಲ ಮೇಲೆ ಪೂರಕ ಆಹಾರ, ತೂಕ ನೋಂದಣಿ, ಗರ್ಭಿಣಿ-ಬಾಣಂತಿಯರ ಆರೈಕೆ, ಸಮೀಕ್ಷೆಗಳೆಲ್ಲವೂ ಇವೆ. ಮೂರರಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿರುತ್ತಾರೆ. ಖಾನಾಪುರದ ಭೀಮಗಡ ಅರಣ್ಯದೊಳಗಿನ ಗವಾಳಿ, ಪಾಸ್ತೋಳಿ, ಆಮಗಾಂವದಂಥ ಊರುಗಳಿಗೆ ಮಳೆಗಾಲದಲ್ಲಿ ಸಂಪರ್ಕವೇ ದುಸ್ತರ. ಇಂಥಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಬೀಜ, ಕಡ್ಡಿಗಳ ಗಣಿತ ತಪ್ಪದೆ ನಡೆದರೆ ಅದು ದೊಡ್ಡ ಸಾಧನೆಯೇ. ವಯಸ್ಸಿನ ವ್ಯತ್ಯಾಸವನ್ನೂ ಅನುಕೂಲವಾಗಿಸಿಕೊಳ್ಳಬಹುದು: ಮೂರರ ಮಗು ಬಣ್ಣದಂತೆ ವಿಂಗಡಿಸಲಿ, ನಾಲ್ಕರ ಮಗು ಐದರವರೆಗೆ ಎಣಿಸಲಿ, ಐದರ ಮಗು ಅದಕ್ಕೆ ಅಂಕಿಯ ಚೀಟಿ ಇಡಲಿ. ಬೀಜಗಳು ಅವೇ, ಪಾಠ ಮೂರು.

ಪಾಲಕರು ಏನು ಮಾಡಬಹುದು?

ಊಟದ ಹೊತ್ತಿಗೆ ‘ಮನೆಯಲ್ಲಿ ನಾವು ನಾಲ್ಕು ಮಂದಿ, ಎಷ್ಟು ತಾಟು ಬೇಕು?’ ಎಂದು ಕೇಳಿ ಮಗುವಿನ ಕೈಯಿಂದಲೇ ತಾಟು ಇಡಿಸಬಹುದು. ರೊಟ್ಟಿ ಹಂಚುವಾಗ ‘ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ?’ ಎನ್ನಬಹುದು. ಮೆಟ್ಟಿಲು ಹತ್ತುವಾಗ ಎಣಿಸಬಹುದು, ಇಳಿಯುವಾಗ ಹಿಂದುಮುಂದಾಗಿ ಎಣಿಸಬಹುದು. ಸಂತೆಯಿಂದ ತಂದ ಬದನೆ, ಟೊಮೆಟೊಗಳನ್ನು ಬೇರ್ಪಡಿಸಲು ಹೇಳಬಹುದು. ತಪ್ಪಿದಾಗ ಗದರುವ ಬದಲು ‘ಇನ್ನೊಮ್ಮೆ ಮುಟ್ಟಿ ಎಣಿಸು’ ಎಂದರೆ ಸಾಕು. ಇದಕ್ಕೆ ಓದು-ಬರಹ ಬಲ್ಲ ಪಾಲಕರೇ ಆಗಬೇಕೆಂದಿಲ್ಲ. ಅಜ್ಜಿಯೂ ಉತ್ತಮ ಗಣಿತ ಶಿಕ್ಷಕಿ ಆಗಬಲ್ಲಳು.

ಶಾಲೆಗೆ ಸೇರಿಸುವಾಗ ‘ಎಷ್ಟರವರೆಗೆ ಕಲಿಸುತ್ತೀರಿ?’ ಎನ್ನುವ ಬದಲು ‘ಯಾವುದರಿಂದ ಕಲಿಸುತ್ತೀರಿ?’ ಎಂದು ವಿಚಾರಿಸುವುದು ಲೇಸು. ಮಕ್ಕಳ ಕೈಗೆ ಎಟಕುವಂತೆ ಎಣಿಕೆಯ ವಸ್ತುಗಳಿವೆಯೇ, ಮನೆಮಾತಿನಲ್ಲಿ ಉತ್ತರಿಸಿದರೆ ಒಪ್ಪುತ್ತಾರೆಯೇ, ಎಲ್‌ಕೆಜಿಯಲ್ಲೇ ಬರವಣಿಗೆಯ ಮನೆಗೆಲಸ ಕೊಡುತ್ತಾರೆಯೇ ಎಂಬ ಮೂರು ಪ್ರಶ್ನೆಗಳು ಶುಲ್ಕದ ಪಟ್ಟಿಗಿಂತ ಹೆಚ್ಚು ತಿಳಿಸುತ್ತವೆ.

ಈ ಎಚ್ಚರ ಏಕೆ ಬೇಕೆಂಬುದಕ್ಕೆ ಅಂಕಿಅಂಶಗಳೇ ಸಾಕ್ಷಿ. ಗ್ರಾಮೀಣ ಭಾರತದ ಮಕ್ಕಳ ಕಲಿಕೆ ಕುರಿತ 2024ರ ‘ಅಸರ್’ ವರದಿಯಂತೆ, ದೇಶದಲ್ಲಿ ಮೂರನೇ ತರಗತಿಯ ಮಕ್ಕಳ ಪೈಕಿ ಎರಡಂಕಿಯ ಕಳೆಯುವ ಲೆಕ್ಕ ಬಲ್ಲವರು ಶೇ. 33.7 ಮಾತ್ರ. ಅಮೆರಿಕ, ಬ್ರಿಟನ್, ಕೆನಡಾಗಳ ಆರು ದೀರ್ಘಕಾಲೀನ ಅಧ್ಯಯನಗಳನ್ನು ಒಟ್ಟುಗೂಡಿಸಿ ಗ್ರೆಗ್ ಡಂಕನ್ ಮತ್ತು ಸಂಗಡಿಗರು 2007ರಲ್ಲಿ ಕಂಡುಕೊಂಡಂತೆ, ಶಾಲೆ ಸೇರುವ ಹೊತ್ತಿಗಿನ ಗಣಿತ ಜ್ಞಾನವೇ ಮಗುವಿನ ಮುಂದಿನ ಕಲಿಕೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೂಚಿಸುತ್ತದೆ. ಆರನೇ ವಯಸ್ಸಿಗೇ ‘ಇವನಿಗೆ ಗಣಿತ ತಲೆಗೆ ಹತ್ತದು’ ಎಂಬ ಹಣೆಪಟ್ಟಿ ಹೊತ್ತ ಮಗುವಿನ ತಲೆಯಲ್ಲಿ ಬಹುತೇಕ ಯಾವ ದೋಷವೂ ಇರುವುದಿಲ್ಲ. ಅದರ ಕೈಗೆ ಸಕಾಲದಲ್ಲಿ ಬೀಜಗಳು ಸಿಕ್ಕಿರುವುದಿಲ್ಲ, ಅಷ್ಟೇ.

ಮುಂದಿನ ಸಲ ನೆಂಟರು ಬಂದಾಗ ಮಗುವಿನಿಂದ ನೂರು ಹೇಳಿಸುವ ಬದಲು, ‘ಎಲ್ಲರಿಗೂ ಒಂದೊಂದು ಲೋಟ ನೀರು ಬೇಕು, ಎಷ್ಟು ಲೋಟ ತರುತ್ತೀಯಮ್ಮ?’ ಎಂದು ಕೇಳಿ ನೋಡಬಹುದು. ಒಳಗೆ ಹೋದ ಮಗು ಸರಿಯಾಗಿ ಅಷ್ಟೇ ಲೋಟ ಹಿಡಿದು ಬಂದರೆ, ಅದರ ಗಣಿತ ಶುರುವಾಗಿದೆ ಎಂದರ್ಥ.